ಒಲ್ಲೆ ಅನಬ್ಯಾಡ್ರಿ, ಡಿಸೆಂಬರ್ ಐತಿ

ಧಾರವಾಡದಲ್ಲಿ ಚಾ ಬೇಡ ಅಂತ ಹೇಳಿ ಪಾರಾಗುವುದು ಯಾವ ತಿಂಗಳಲ್ಲೂ ಸುಲಭ ಅಲ್ಲ. ಡಿಸೆಂಬರ್‌ನಲ್ಲಿ, ಅದೂ ಕ್ರಿಸ್ಮಸ್ ಹಾಡು ಹಾಡುವ ಚರ್ಚಿನ ಕ್ಯಾರೊಲ್ ತಂಡದ ಜೊತೆ ಮನೆ ಮನೆಗೆ ಹೋದಾಗ, ಆ ಆಸೆಯನ್ನೇ ಬಿಟ್ಟುಬಿಡಬೇಕು.

ಕ್ರೈಸ್ತಧರ್ಮ ಸಾರಲು ಸ್ವಿಟ್ಜರ್ಲೆಂಡಿನಿಂದ ಹೊರಟ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡಕ್ಕೂ ಬಂದರು. ಅವರಿಂದ ನಮಗೆ ಶಾಲೆ ಬಂತು, ಜರ್ಮನ್ ರಾಗಗಳು ಬಂದವು. ಚಾ ಕುಡಿಸುವ ಹಟ ಮಾತ್ರ ಅಪ್ಪಟ ನಮ್ಮದು. ಅವರಲ್ಲೊಬ್ಬರಾದ ಕಿಟೆಲ್ ಸಾಹೇಬರು 1853ರಲ್ಲಿ ಈ ದೇಶಕ್ಕೆ ಬಂದು, ಸುಮಾರು 70 ಸಾವಿರ ಶಬ್ದ ಕೂಡಿಹಾಕಿ, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚು ಹಾಕಿಸಿದರು. ಅಷ್ಟು ಶಬ್ದ ಗೊತ್ತಿದ್ದವರಿಗೂ ನಮ್ಮ ಕಡೆಯ ಹೆಣ್ಣುಮಕ್ಕಳ ಮುಂದೆ ನಿಂತು ಚಾ ತಪ್ಪಿಸಿಕೊಳ್ಳಲು ಆಗುತ್ತಿತ್ತು ಅಂತ ನನಗೇನೂ ಅನ್ನಿಸುವುದಿಲ್ಲ.

ಕ್ಯಾರೊಲ್ ಸಂಜೆ ಏಳಕ್ಕೆ ಶುರು ಅಂತ ಭಾನುವಾರ ಆರಾಧನೆ ಮುಗಿದ ಮೇಲೆ ಘೋಷಣೆ ಆಗುತ್ತದೆ. ಏಳಕ್ಕೆ ಬರುವವರು ಊರಿಗೆ ಹೊಸಬರು ಮಾತ್ರ. ಎಂಟೂವರೆಗೆ ಗಿಟಾರ್ ಬರುತ್ತದೆ, ಆಮೇಲೆ ಡೋಲಕ್, ಆಮೇಲೆ ಬಿದಿರಿನ ಕೋಲಿಗೆ ಕಟ್ಟಿದ ನಕ್ಷತ್ರ. ಅದರೊಳಗಿನ ಬಲ್ಬು ಹತ್ತಬೇಕಾದರೆ ಕೋಲಿಗೆ ಎರಡು ಪೆಟ್ಟು ಹಾಕಬೇಕು. ಅಷ್ಟು ಹೊತ್ತಿಗೆ ಚಳಿ ಚೆನ್ನಾಗಿ ಇಳಿದಿರುತ್ತದೆ. ನಮ್ಮೂರಿನ ಡಿಸೆಂಬರ್ ರಾತ್ರಿ ಅಂದರೆ 14-15 ಡಿಗ್ರಿ. ಯುರೋಪಿನವರು ಕೇಳಿದರೆ ನಗಬಹುದು. ನಾವು ಮಫ್ಲರ್, ಮಂಕಿ ಕ್ಯಾಪು, ಮೇಲೊಂದು ಶಾಲು ಹೊದ್ದು ಹೊರಡುತ್ತೇವೆ. ಹಾಡುವಾಗ ಬಾಯಿ ಕಾಣಲಿ ಅಂತ ಮಫ್ಲರನ್ನು ಸ್ವಲ್ಪ ಕೆಳಗೆ ಎಳೆದುಕೊಳ್ಳುವುದು, ಅಷ್ಟೇ.

ಮೊದಲನೇ ಮನೆ. ಎರಡು ಹಾಡು, ಒಂದು ಪ್ರಾರ್ಥನೆ, ಕಾಣಿಕೆ ಡಬ್ಬಿ, ಚಾ. ಚಳಿಗೆ ಬಿಸಿ ಚಾ, ಸ್ವರ್ಗ. ಜೊತೆಗೆ ಶಂಕರಪೋಳಿ, ಚೂಡಾ. ಎರಡನೇ ಮನೆಯಲ್ಲೂ ಸ್ವರ್ಗವೇ. ಐದನೇ ಮನೆಗೆ ಬರುವ ಹೊತ್ತಿಗೆ ಒಬ್ಬರ ಮುಖ ಒಬ್ಬರು ನೋಡಲು ಶುರುಮಾಡುತ್ತೇವೆ. ನಮ್ಮ ತಂಡದಲ್ಲಿ ಒಬ್ಬ ದೊಡ್ಡಪ್ಪ ಇದ್ದಾರೆ, ಈ ಕೆಲಸದಲ್ಲಿ ಪಳಗಿದವರು. ಒಂದು ಮನೆಯಲ್ಲಿ ‘ನನಗ ಶುಗರ್ ಐತಿ’ ಅಂದರು. ಸಕ್ಕರೆ ಹಾಕದ ಚಾ ಬಂತು, ಅದೂ ದೊಡ್ಡ ಲೋಟದಲ್ಲಿ, ಪಾಪ ಸಪ್ಪಗೆ ಕುಡೀತಾರಲ್ಲ ಅಂತ. ಮುಂದಿನ ಮನೆಯಲ್ಲಿ ‘ಅಸಿಡಿಟಿ’ ಅಂದರು. ಚಾ ಬದಲು ಬಿಸಿ ಹಾಲು ಬಂತು. ಅದರ ಮುಂದಿನ ಮನೆಯಲ್ಲಿ ಉಪವಾಸ ಅಂತ ಬಾಯಿಬಿಟ್ಟರು. ಬಾಳೆಹಣ್ಣು, ಖರ್ಜೂರ, ಮೇಲೆ ಹಾಲು. ‘ಉಪವಾಸ ಇದ್ದವರು ಬರೇ ಹೊಟ್ಟಿಲೆ ಹೋಗಬಾರದ್ರಿ’ ಅಂತ ಆ ಮನೆಯ ಅಕ್ಕ ಎದುರಿಗೇ ನಿಂತು ತಿನ್ನಿಸಿದರು.

ಇಷ್ಟೆಲ್ಲ ಕುಡಿದ ಮೇಲೆ, ಅದೂ ಆ ಚಳಿಯಲ್ಲಿ, ಆಗಬೇಕಾದ್ದು ಆಗೇ ಆಗುತ್ತದೆ. ಹಾಡುವಾಗ ಸಾಲಿನಿಂದ ಕಳಚಿಕೊಂಡರೆ ಎಲ್ಲರಿಗೂ ಕಾಣುತ್ತದೆ. ಅದಕ್ಕೆ ಎಲ್ಲರೂ ಕಾಯುವುದು ಪ್ರಾರ್ಥನೆಗೆ. ನಮ್ಮ ಹಿರಿಯರೊಬ್ಬರು ಪ್ರಾರ್ಥನೆ ಶುರುಮಾಡಿದರೆ ಆ ಮನೆಯವರ ಬೆಂಗಳೂರಿನ ಮಗನ ಕೆಲಸ, ಮಗಳ ವೀಸಾ, ಅಜ್ಜನ ಮೊಣಕಾಲು, ಬೋರ್‌ವೆಲ್ಲಿನ ನೀರು ಎಲ್ಲವನ್ನೂ ಒಂದೂ ಬಿಡದೆ ದೇವರಿಗೆ ಒಪ್ಪಿಸುತ್ತಾರೆ. ಕಣ್ಣು ಮುಚ್ಚಿ ನಿಂತರೆ ಹಿತ್ತಲ ಕಡೆ ಹೋಗುವ ಮೆತ್ತನೆ ಹೆಜ್ಜೆಗಳು ಒಂದರ ಹಿಂದೆ ಒಂದು ಕೇಳುತ್ತವೆ. ಚಿಲಕದ ಸದ್ದು. ಬಕೆಟ್ಟಿನ ಸದ್ದು. ಆಮೆನ್ ಅಂದು ಕಣ್ಣು ತೆರೆದರೆ ಹಾಲ್‌ನಲ್ಲಿ ಪಾಸ್ಟರ್, ಮನೆಯವರು ಮತ್ತು ಡೋಲಕ್ ಹೊತ್ತ ಹುಡುಗ. ಡೋಲಕ್ಕನ್ನು ಕೊರಳಿಂದ ತೆಗೆಯುವುದು ಕಷ್ಟ, ಇಲ್ಲದಿದ್ದರೆ ಅವನೂ ಹೋಗುತ್ತಿದ್ದ.

ಕ್ರಿಸ್ಮಸ್ ಅಜ್ಜನ ಪಾಡು ಇನ್ನೂ ಕೆಟ್ಟದ್ದು. ಕೆಂಪು ನಿಲುವಂಗಿ, ಹೊಟ್ಟೆಗೆ ದಿಂಬು, ಮುಖಕ್ಕೆ ಮೆಡಿಕಲ್ ಶಾಪಿನ ಹತ್ತಿಯ ಗಡ್ಡ. ನಮ್ಮ ಓಣಿಯ ನಾಯಿಗಳು ಪಾಸ್ಟರನ್ನು ನೋಡಿವೆ, ಪೋಸ್ಟ್‌ಮ್ಯಾನನ್ನು ನೋಡಿವೆ, ಕೆಂಪು ಅಂಗಿ ಹಾಕಿಕೊಂಡು ಗಂಟೆ ಬಾರಿಸುತ್ತಾ ಬರುವ ಈ ಪ್ರಾಣಿಯನ್ನು ನೋಡಿಲ್ಲ. ಅವು ಒಂದು ತಿರುವಿನಲ್ಲಿ ಹಿಡಿದದ್ದೇ ತಡ, ಅಜ್ಜ ಹೊಟ್ಟೆಯ ದಿಂಬನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಓಡಿದ್ದನ್ನು ನೋಡಿ ಮಕ್ಕಳಿಗೆ ಆದ ಖುಷಿ, ಅವನು ಹಂಚಿದ ಚಾಕ್ಲೇಟಿನಿಂದ ಆಗಲಿಲ್ಲ. ಚಾ ಅವನಿಗೂ ತಪ್ಪಿದ್ದಲ್ಲ. ಗಡ್ಡ ತೆಗೆದರೆ ಚಿಕ್ಕ ಮಕ್ಕಳಿಗೆ ಗುಟ್ಟು ಗೊತ್ತಾಗುತ್ತದೆ ಅಂತ ಗಡ್ಡದ ಮೇಲಿಂದಲೇ ಕುಡಿಯಬೇಕು. ಹತ್ತಿ ಚಾ ಹೀರಿಕೊಂಡಿತು. ತುಟಿಯ ಕೆಳಗೆ ಕಂದು ಬಣ್ಣ, ಅದರ ಮೇಲೆ ಕೆನೆಯ ಒಂದು ಚೂರು. ಏಳನೇ ಮನೆಯ ಹುಡುಗಿಯೊಂದು ದಿಟ್ಟಿಸಿ ನೋಡಿ, ‘ಮಮ್ಮೀ, ಈ ಅಜ್ಜ ತಂಬಾಕ ತಿಂತಾನ’ ಅಂದಳು.

ಹಾಡಿನ ವಿಷಯಕ್ಕೆ ಬಂದರೆ, ಅದೊಂದು ಹಳೇ ವ್ಯಾಜ್ಯ. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಪಂಥಗಳೆಲ್ಲ ಸೇರಿ ದಕ್ಷಿಣ ಭಾರತ ಸಭೆ (ಸಿಎಸ್ಐ) ಅನ್ನುವ ಒಂದೇ ಚರ್ಚು ಆಯಿತು. ನಮ್ಮ ಕಡೆಯ ಬಾಸೆಲ್ ಮಿಷನ್ ಸಭೆಗಳು ಆಮೇಲೆ ಸೇರಿದವು. ಸಭೆಗಳು ಒಂದಾದವು, ರಾಗಗಳು ಒಂದಾಗಲಿಲ್ಲ. ಮೈಸೂರಿನಿಂದ ಸೊಸೆಯಾಗಿ ಬಂದ ನಮ್ಮ ಅತ್ತಿಗೆಯದು ಮೆಥೊಡಿಸ್ಟರ ವೆಸ್ಲಿಯನ್ ಮಿಷನ್ನಿನವರ ಮನೆತನ. ಅದೇ ಹಾಡು, ಅದೇ ಮಾತು, ಅವರು ಹಾಡುವ ರಾಗ ಬೇರೆ. ಮೊದಲ ಸಾಲು ಇಬ್ಬರದೂ ಜೊತೆಗೇ ಹೋಗುತ್ತದೆ. ಎರಡನೇ ಸಾಲಿನಲ್ಲಿ ನಾವೆಲ್ಲ ಮೇಲೆ ಹೋದಾಗ ಅವರು ಒಬ್ಬರೇ ಕೆಳಗಿಳಿಯುತ್ತಾರೆ, ಅದೂ ಎತ್ತರದ ದನಿಯಲ್ಲಿ. ಇನ್ನು ಮುಂದಿನ ಬೆಂಚಿನ ಅಜ್ಜಿಯರು. ಪ್ರತಿ ಚರಣದ ಕೊನೆಯ ಅಕ್ಷರವನ್ನು ಮನಸ್ಸಿಗೆ ಬಂದಷ್ಟು ಎಳೆಯುತ್ತಾರೆ. ಕೀಬೋರ್ಡಿನ ಹುಡುಗ ಮುಂದಿನ ಚರಣದ ಅರ್ಧಕ್ಕೆ ಬಂದಾಗ ಅವರ ಹಿಂದಿನ ಆಮೆನ್ ಇನ್ನೂ ಮುಗಿದಿರುವುದಿಲ್ಲ. ಅವನು ಅತ್ತಿಗೆಗೂ ಅಜ್ಜಿಯರಿಗೂ ಏನೂ ಅನ್ನುವ ಹಾಗಿಲ್ಲ. ಪಿಯುಸಿ ಓದುವ ಹುಡುಗ, ಇಬ್ಬರೂ ಅವನ ಕಿವಿ ಹಿಂಡುವಷ್ಟು ಹತ್ತಿರದವರು.

ಸಂಡೇ ಸ್ಕೂಲ್ ಮಕ್ಕಳ ನಾಟಕದಲ್ಲಿ ಈ ಸಲ ಮೂವರು ಜ್ಞಾನಿಗಳು ಶಿಶು ಯೇಸುವಿಗೆ ಚಿನ್ನ, ಧೂಪ, ರಕ್ತಬೋಳ ಅನ್ನುವ ಸುಗಂಧದ ಅಂಟು ತರಬೇಕಿತ್ತು. ಧೂಪಕ್ಕೆ ಲೋಬಾನ ಸಿಕ್ಕಿತು. ರಕ್ತಬೋಳದ ಬದಲು ಕೊಬ್ಬರಿ ಎಣ್ಣೆ ಶೀಶೆ. ಚಿನ್ನಕ್ಕೆ ಒಬ್ಬ ತಾಯಿ ಪೇಡೆ ಡಬ್ಬಿಗೆ ಬಂಗಾರದ ಕಾಗದ ಸುತ್ತಿ ಕಳಿಸಿದ್ದರು. ಸುಮ್ನೆ ಖಾಲಿ ಡಬ್ಬಿ ಕಳಿಸಬಹುದಿತ್ತು. ಅವರು ಪೇಡೆಯನ್ನೂ ಇಟ್ಟೇ ಕಳಿಸಿದರು, ‘ಬರೇ ಡಬ್ಬಿ ಕೊಡಬಾರದು’ ಅಂತ. ಜ್ಞಾನಿ ಮೊಣಕಾಲೂರಿ ಡಬ್ಬಿ ಕೊಟ್ಟ. ಯೋಸೇಫನಿಗೆ ತೂಕದಲ್ಲೇ ಗೊತ್ತಾಯಿತು. ಕಾಗದವನ್ನು ಒಂದು ಮೂಲೆಯಲ್ಲಿ ಉಗುರಿನಿಂದ ಹರಿದ, ಬೆರಳು ತೂರಿಸಿದ, ಕಂದು ಪೇಡೆ ಒಂದನ್ನು ಹೊರಗೆ ಎಳೆದ. ಮೇಲಿನ ಸಕ್ಕರೆ ಉದುರಿ ಅವನ ಕಪ್ಪು ಗಡ್ಡ ಅರ್ಧ ಬೆಳ್ಳಗಾಯಿತು. ಮರಿಯಳು ಮಗುವನ್ನು ಗೋದಲಿಯಲ್ಲಿ ಹಾಗೇ ಬಿಟ್ಟು ಕೈ ಚಾಚಿದಳು. ಆಮೇಲೆ ಕುರುಬರು ಬಂದರು. ದೇವದೂತ ಸ್ಟೂಲಿನ ಮೇಲಿಂದ ಇಳಿಯಲಾರದೆ, ‘ನಂಗೊಂದ ಇಡ್ರೋ’ ಅಂತ ಕೂಗಿದ. ಅಷ್ಟರಲ್ಲಿ ಲೋಬಾನದ ಹೊಗೆ ಜಾಸ್ತಿಯಾಗಿ ಎಲ್ಲರೂ ಕೆಮ್ಮುತ್ತಿದ್ದರಿಂದ ಪರದೆ ಎಳೆದರು. ಚಪ್ಪಾಳೆ ಭರ್ಜರಿ. ನನ್ನ ಪ್ರಕಾರ ಇಷ್ಟು ವರ್ಷದಲ್ಲಿ ನಮ್ಮ ಮಕ್ಕಳು ಮಾಡಿದ ಅತ್ಯಂತ ಸಹಜ ಅಭಿನಯ ಇದೇ.

ಪ್ರೀತಿ ಭೋಜನದ ಬಗ್ಗೆ ಬರೆಯುವುದಿಲ್ಲ. ಬರೆದರೆ ಬಿರಿಯಾನಿಯಲ್ಲಿ ಯಾರ ತಟ್ಟೆಗೆ ಎಷ್ಟು ಪೀಸು ಬಿತ್ತು ಅನ್ನೋ ಹಳೇ ಕೇಸು ಮತ್ತೆ ತೆರೆಯುತ್ತದೆ.

ಬಡವರಿಗೆ ಚಾದರ ಹಂಚುವುದು ಯುವಜನರ ಪಾಲಿನ ಕೆಲಸ. ಇದರಲ್ಲಿ ಮೊದಲು ತಯಾರಾಗುವುದು ಬ್ಯಾನರು. ಅದರ ಉದ್ದ ನೋಡಿದರೆ ಅದನ್ನೇ ನಾಲ್ಕು ಜನ ಹೊದ್ದು ಮಲಗಬಹುದು. ರಾತ್ರಿ ಹತ್ತೂವರೆಗೆ ಸ್ಟೇಷನ್ ಕಡೆ ಹೋದೆವು. ಚಳಿಗಾಲದಲ್ಲಿ ಆ ಹೊತ್ತಿಗೆ ಎಲ್ಲರೂ ಮಲಗಿರುತ್ತಾರೆ ಅಂತ ಯೋಜನೆ ಹಾಕಿದವರಿಗೆ ಹೊಳೆದಿರಲಿಲ್ಲ. ಅಂಗಡಿಯೊಂದರ ಕಟ್ಟೆಯ ಮೇಲೆ ಒಬ್ಬಾತ ದಪ್ಪ ರಗ್ಗು ಹೊದ್ದು ಗೊರಕೆ ಹೊಡೆಯುತ್ತಿದ್ದ. ನಮ್ಮವರು ಅವನ ಭುಜ ಅಲುಗಿಸಿದರು. ಎದ್ದು ಕೂತ. ಬ್ಯಾನರ್ ನೋಡಿದ, ಮೊಬೈಲಿನ ಲೈಟು ನೋಡಿದ, ಕೈಯಲ್ಲಿದ್ದ ಚಾದರ ನೋಡಿದ.

‘ಎದಕ್ಕ ಎಬ್ಬಿಸಿದ್ರಿ?’

‘ಹೊದ್ದುಕೊಳ್ಳಲಿಕ್ಕೆ ಚಾದರ ಕೊಡಾಕ ಬಂದೀವಿ ಕಾಕಾ.’

‘ಹೊದ್ಕೊಂಡಿದ್ನಲ್ಲೋ ತಮ್ಮಾ. ಈಗ ಥಂಡಿ ಹತ್ತಾಕತ್ತೈತಿ.’

ಬೇಡ ಅಂದರೂ ನಮ್ಮವರು ಬಿಡಲಿಲ್ಲ. ಕಾಲ ಮೇಲೆ ಹಾಕಿಯೇ ಬಂದರು. ಕ್ಯಾರೊಲ್ ರಾತ್ರಿ ದೊಡ್ಡಪ್ಪನಿಗೆ ಹಾಲು ಕುಡಿಸಿದ ಅಕ್ಕನ ಮುಖದಲ್ಲಿ ಇದ್ದ ಸಮಾಧಾನವೇ ಈಗ ಇವರ ಮುಖದಲ್ಲಿತ್ತು.

ಮುಂದೆ ಹೂ ಮಾರುವ ಒಬ್ಬ ಅವ್ವ ಬುಟ್ಟಿಯ ಪಕ್ಕ ಎಚ್ಚರವಾಗೇ ಕೂತಿದ್ದರು. ಚಾದರವನ್ನು ಕೈಯಲ್ಲಿ ಹಿಡಿದು, ಬೆರಳ ನಡುವೆ ಉಜ್ಜಿ, ಬೆಳಕಿಗೆ ಹಿಡಿದು ನೋಡಿದರು. ‘ಇಂಥವು ಮೂರು ಅದಾವ ಯಪ್ಪಾ. ಡಿಸೆಂಬರ್ ಬಂತಂದ್ರ ಎಲ್ಲಾರೂ ಇದನ್ನ ತರತೀರಿ. ಸೊಳ್ಳಿ ಬತ್ತಿ ಯಾರೂ ತರಂಗಿಲ್ಲ.’ ಯುವಜನರ ಖಜಾಂಚಿ ತನ್ನ ಪುಸ್ತಕದಲ್ಲಿ ಅದನ್ನು ಬರೆದುಕೊಂಡ. ಕಮಿಟಿಯಲ್ಲಿ ವಿಷಯ ಚರ್ಚೆಗೂ ಬಂತು. ಸೊಳ್ಳೆ ಬತ್ತಿಯ ಪೊಟ್ಟಣ ಕೊಡುವ ಫೋಟೋ ಚೆನ್ನಾಗಿ ಬರುವುದಿಲ್ಲ ಅಂತ ಒಬ್ಬರು ಹೇಳಿದರು. ಇನ್ನೊಬ್ಬರು, ಎರಡನ್ನೂ ಕೊಡೋಣ, ಚಾದರದೊಳಗೆ ಬತ್ತಿ ಸುತ್ತಿ ಕೊಡೋಣ ಅಂದರು. ನನಗೆ ಈ ಎರಡನೆಯವರೇ ಸರಿ ಅನ್ನಿಸಿತು, ಆದರೆ ಬ್ಯಾನರಿನ ಖರ್ಚು ಉಳಿಸಿದರೆ ಬತ್ತಿಯ ದುಡ್ಡು ಹುಟ್ಟುತ್ತದೆ ಅನ್ನೋದನ್ನು ಯಾರೂ ಹೇಳಲಿಲ್ಲ. ಬ್ಯಾನರ್ ಬರೆಸುವವರು ಅಲ್ಲೇ ಕೂತಿದ್ದರು.

ಡಿಸೆಂಬರ್ 31ರ ರಾತ್ರಿ ಆರಾಧನೆ ಹನ್ನೊಂದಕ್ಕೆ. ಸರಿಯಾಗಿ ಹನ್ನೆರಡಕ್ಕೆ ಪ್ರಾರ್ಥನೆಯಲ್ಲಿರಬೇಕು ಅನ್ನೋದು ಪದ್ಧತಿ. ಪ್ರಸಂಗ, ಅಂದರೆ ಉಪದೇಶ, ಮಾಡುವವರು ಗಡಿಯಾರ ನೋಡಲ್ಲ, ಉಳಿದವರೆಲ್ಲ ಅದನ್ನೇ ನೋಡುತ್ತಾರೆ. ಹೊರಗೆ ಪಟಾಕಿ ಹೊಡೆದು, ಊರೆಲ್ಲ ಹೊಸ ವರ್ಷಕ್ಕೆ ಹೋಗಿ ಐದು ನಿಮಿಷ ಆದ ಮೇಲೆ ನಾವು ಹೋದೆವು. ಆಮೇಲೆ ವಾಗ್ದಾನದ ಕಾರ್ಡು. ತಾಟಿನಲ್ಲಿ ಬೋರಲು ಹಾಕಿದ ಚಿಕ್ಕ ಚಿಕ್ಕ ಕಾರ್ಡು, ಒಂದೊಂದರಲ್ಲಿ ಒಂದು ವಚನ. ಕಣ್ಣು ಮುಚ್ಚಿ ಎತ್ತಿದ್ದು ವರ್ಷಪೂರ್ತಿ ನಿಮ್ಮದು.

ನಮ್ಮ ಓಣಿಯ ಅಜ್ಜಿಯೊಬ್ಬರು ಎತ್ತಿದರು. ಮೊಮ್ಮಗ ಓದಿ ಹೇಳಿದ. ಅಜ್ಜಿ ಕಾರ್ಡನ್ನು ತಿರುಗಿ ತಾಟಿಗೆ ಹಾಕಿದರು.

‘ಇದ ಬ್ಯಾಡ್ರಿ ಪಾಸ್ಟರ್ರ. ಇದು ಹ್ವಾದ ವರ್ಷನೂ ಬಂದಿತ್ತು.’

‘ಅಜ್ಜೀ, ದೇವರು ಕೊಟ್ಟದ್ದು. ಒಲ್ಲೆ ಅನಬಾರದು.’

‘ಒಲ್ಲೆ ಅನ್ನಾಕತ್ತಿಲ್ರಿ. ಹ್ವಾದ ವರ್ಷದ್ದ ಇನ್ನೂ ಬರೋದೈತಿ. ಅದು ಬರಲಿ ಮೊದಲ.’

ಹಿಂದೆ ಸಾಲು ಬೆಳೆಯುತ್ತಿತ್ತು. ಪಾಸ್ಟರ್ ಏನೂ ಮಾತಾಡದೆ ತಾಟನ್ನು ಮತ್ತೆ ಮುಂದೆ ಹಿಡಿದರು. ಆ ತಿಂಗಳಿಡೀ ಬೇಡ ಅಂದು ಗೆದ್ದವರು ಅಜ್ಜಿಯೊಬ್ಬರೇ. ಅಜ್ಜಿ ಈ ಸಲ ತಳಕ್ಕೆ ಕೈ ಹಾಕಿ ಒಂದನ್ನು ಎತ್ತಿದರು. ಮೊಮ್ಮಗ ನೋಡಿ ಸುಮ್ಮನೆ ನಿಂತ. ಪ್ರೆಸ್ಸಿನವರು ಒಂದೇ ವಚನವನ್ನು ಹಾಳೆ ತುಂಬ ಹೊಡೆದಿದ್ದರೋ ಏನೋ, ಅದೇ ಬಂದಿತ್ತು.

ಅಜ್ಜಿ ಕಾರ್ಡನ್ನು ಅವನ ಕೈಯಿಂದ ಇಸಿದುಕೊಂಡು, ಪಾಸ್ಟರ್ ಕಡೆ ಚಾಚಿದರು.

‘ಆತು, ಇದನ್ನ ಇಟ್ಕೋತೀನಿ. ಇಲ್ಲೆ ಕೆಳಗ ಜಾಗಾ ಐತಿ ನೋಡ್ರಿ, ತಾರೀಕ ಬರದ ಕೊಡ್ರಿ.’