ಅಜ್ಜನ ಜ್ವರ, ನನ್ನ ಥರ್ಮಾಮೀಟರ್

ನಮ್ಮ ಕಚೇರಿಯ ತಂತ್ರಾಂಶ ಬಳಸುವ ಶಾಲೆಯೊಂದರಿಂದ, ಪ್ರತಿ ತರಗತಿಯ ಮೊದಲ ಮೂವರ ಪಟ್ಟಿ ಸಂಜೆಯೊಳಗೆ ಬೇಕೆಂದು ಫೋನ್ ಬಂದಾಗ, ಐದು ನಿಮಿಷದ ಕೆಲಸವೆಂದು ನಾನು ಧಾರಾಳವಾಗಿ ಒಪ್ಪಿಕೊಂಡೆ. ಹಿಂದೆಲ್ಲ ಇದಕ್ಕೆ ವೇರಿಯಬಲ್‌ಗಳನ್ನು ಕಟ್ಟಿಕೊಂಡು ದೊಂಬರಾಟ ಆಡಬೇಕಿತ್ತು; ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್ ತಂತ್ರಾಂಶದ, 2018ರಲ್ಲಿ ಬಂದ 8.0 ಆವೃತ್ತಿಯಲ್ಲಿ ಸಾಲುಗಳನ್ನು ಗುಂಪುಗುಂಪಾಗಿ ಎಣಿಸಿಕೊಡುವ ವಿಂಡೋ ಫಂಕ್ಷನ್‌ಗಳಿರುವುದರಿಂದ ‘ರೋ ನಂಬರ್’ ಎಂದು ಬರೆದು, ಮುಂದೆ ‘ಓವರ್’ ಸೇರಿಸಿ, ಆವರಣದೊಳಗೆ ತರಗತಿವಾರು ಪಾರ್ಟಿಷನ್ ಮಾಡಿದರೆ ಮುಗಿಯಿತು. (ಇನ್ನೊಂದು ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ನವರು 2009ರಿಂದಲೇ ಈ ಸುಖ ಉಣ್ಣುತ್ತಿರುವುದು ನನ್ನ ಹಳೆಯ ಹೊಟ್ಟೆಯುರಿ.)

ಬಂದದ್ದು ಪಟ್ಟಿಯಲ್ಲ, 1064 ಸಂಖ್ಯೆಯ ದೋಷ; ಅಂದರೆ ಬರೆದ ಆಜ್ಞೆಯ ವ್ಯಾಕರಣ ತಪ್ಪೆಂಬ ದೂರು. ನಿಮ್ಮ ಸರ್ವರ್‌ನ ಆವೃತ್ತಿಗೆ ತಕ್ಕ ಕೈಪಿಡಿ ನೋಡಿಕೊಳ್ಳಿ ಎಂದು ಆ ಸಂದೇಶವೇ ಬಾಯಿಬಿಟ್ಟು ಹೇಳುತ್ತದೆ. ಆದರೆ ವರ್ಷಗಟ್ಟಲೆ ಅದನ್ನು ಕಂಡ ಕಣ್ಣು ಅಷ್ಟನ್ನೂ ದಾಟಿ, ತಪ್ಪು ಎಲ್ಲಿದೆಯೆಂದು ತೋರಿಸುವ ಕೊನೆಯ ತುಣುಕಿಗೇ ಜಿಗಿಯುತ್ತದೆ. ಅಲ್ಲಿ ಒಂದು ಆವರಣ ಚಿಹ್ನೆ ಇತ್ತು. ಆವರಣಗಳನ್ನು ಎಣಿಸಿದೆ, ಅಳಿಸಿ ಬರೆದೆ, ಹೊಸದಾಗಿ ಸೇರಿದ ಸಹೋದ್ಯೋಗಿಯನ್ನು ಕರೆದು ಅವಳಿಂದಲೂ ಎಣಿಕೆ ಮಾಡಿಸಿದೆ.

“ಸರ್, ಸರ್ವರ್ ಅಪ್‌ಡೇಟ್ ಆಗಿದೆಯಾ ನೋಡಿದ್ರಾ?” ಎಂದಳು. ನಾನು ಗತ್ತಿನಿಂದ ಕಮಾಂಡ್ ಕೊಟ್ಟು, ಪರದೆಯ ಮೇಲೆ ಮೂಡಿದ 8.0ನ್ನು ಬೆರಳಿಟ್ಟು ತೋರಿಸಿದೆ. “ಅದು ಸರ್ವರ್‌ದಲ್ಲ, ಅದರ ಜೊತೆ ಮಾತಾಡೋಕೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿರೋ ಕ್ಲೈಂಟ್‌ದು ಸರ್,” ಎಂದಳು. ಊರಿನಲ್ಲಿರುವ ಅಜ್ಜನಿಗೆ ಜ್ವರವಿದೆಯೇ ಎಂದು ತಿಳಿಯಲು ನನ್ನ ಬಾಯಿಗೆ ಥರ್ಮಾಮೀಟರ್ ಇಟ್ಟುಕೊಂಡಂತಾಗಿತ್ತು.

ಸರ್ವರ್‌ಗೆ ಲಾಗಿನ್ ಆಗಿ ‘ಸೆಲೆಕ್ಟ್ ವರ್ಷನ್’ ಎಂದು ಅದನ್ನೇ ಕೇಳಿದಾಗ 5.7 ಎಂದಿತು. ವಿಂಡೋ ಫಂಕ್ಷನ್‌ನ ಹೆಸರನ್ನೇ ಕೇಳದ ಆ ಬಡಪಾಯಿ, ‘ಓವರ್’ ಎಂಬುದು ಕಾಲಮ್‌ಗೆ ನಾನಿಟ್ಟ ಅಡ್ಡಹೆಸರಿರಬೇಕೆಂದು ಸಹಿಸಿಕೊಂಡು, ಅದರ ಬೆನ್ನಿಗೇ ಆವರಣ ಬಂದಾಗ ಮಾತ್ರ ಬೆಚ್ಚಿಬಿದ್ದಿತ್ತು. 2023ರ ಅಕ್ಟೋಬರ್‌ಗೇ ಬೆಂಬಲ ನಿಂತಿದ್ದ ಆ ಆವೃತ್ತಿಯನ್ನು ಬದಲಿಸಲಾಗಿದೆಯೆಂದು ನಮ್ಮ ಎಕ್ಸೆಲ್ ಹಾಳೆಯಲ್ಲಿ ಹಸಿರು ಬಣ್ಣ ಬಳಿದಿತ್ತು. ಬಳಿದವನು ನಾನೇ ಎಂಬುದನ್ನು ಅವಳು ಗಮನಿಸದಂತೆ ಹಾಳೆಯನ್ನು ಮುಚ್ಚಿದೆ.

ಆ ಸಂಜೆಯ ಪಟ್ಟಿ ಹಳೆಯ ದೊಂಬರಾಟದಿಂದಲೇ ಹೋಯಿತು. ಭಾನುವಾರ ಬ್ಯಾಕಪ್ ತೆಗೆದು ಸರ್ವರ್ ಅನ್ನು 8.0ಕ್ಕೆ ಏರಿಸಿದೆ; ವರ್ಷನ್ ಅನ್ನು ಸರ್ವರ್‌ನಿಂದಲೇ ಮೂರು ಸಲ ಹೇಳಿಸಿಕೊಂಡೆ. ಸೋಮವಾರ ಬೆಳಿಗ್ಗೆ ನನ್ನ ಕ್ವೆರಿ, ಅಂದರೆ ಪಟ್ಟಿ ಕೇಳುವ ಆ ಆಜ್ಞೆ, ಬೆಣ್ಣೆಯಂತೆ ಓಡಿತು. ಆದರೆ ಇಷ್ಟು ವರ್ಷ ತಂಟೆಯಿಲ್ಲದೆ ತೆರೆಯುತ್ತಿದ್ದ ಅಂಕಪಟ್ಟಿಯ ಪುಟದಲ್ಲಿ ಅದೇ 1064 ಬಂದು ಕೂತಿತ್ತು.

“ಈ ಸಲ ವರ್ಷನ್ ಸರಿ ಇದೆಯಮ್ಮ, ನಾನೇ ನೋಡಿದ್ದೀನಿ,” ಎಂದೆ.

“ಸರಿ ಇರೋದೇ ತೊಂದರೆ ಸರ್,” ಎಂದು ಅವಳು ಕಾಲಮ್‌ನ ಹೆಸರಿನತ್ತ ಬೆರಳು ಮಾಡಿದಳು. ಅದರ ಹೆಸರು ‘ರ‍್ಯಾಂಕ್’. ವಿಂಡೋ ಫಂಕ್ಷನ್‌ಗಳ ಜೊತೆಯಲ್ಲೇ ಆ ಪದವನ್ನೂ 8.0 ತನಗಾಗಿ ಕಾಯ್ದಿರಿಸಿಕೊಂಡಿದೆ. ಇನ್ನು ಮೇಲೆ ಅದನ್ನು ಕಾಲಮ್‌ನ ಹೆಸರಾಗಿ ಬಳಸಬೇಕಾದರೆ ಎರಡೂ ಬದಿಗೆ ಬ್ಯಾಕ್‌ಟಿಕ್ ಹಾಕಬೇಕು. ಹಳೆಯ ಕಡತಗಳನ್ನು ಒಂದೊಂದಾಗಿ ತೆರೆದು, ಟ್ಯಾಬ್ ಕೀಲಿಯ ಮೇಲಿರುವ ಆ ಪುಟ್ಟ ಗೀರನ್ನು ಮಧ್ಯಾಹ್ನದ ಊಟದವರೆಗೂ ಒತ್ತುತ್ತಾ ಕುಳಿತೆ.