‘ಹಾಬ್ಸನ್ಸ್ ಚಾಯ್ಸ್’ ಅರ್ಥ ಅದಲ್ಲ: ಒಂದು ಸ್ಪಷ್ಟನೆ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ನಡುವೆ ಒಂದು ಇಂಗ್ಲಿಷ್ ನುಡಿಗಟ್ಟಿನ ಬಗ್ಗೆ ವಾಟ್ಸಾಪ್ ಸಂದೇಶ ಓಡಾಡುತ್ತಿದೆ: ‘ಹಾಬ್ಸನ್ಸ್ ಚಾಯ್ಸ್ ಅಂದರೆ ಎರಡು ಕೆಟ್ಟ ದಾರಿಗಳಲ್ಲಿ ಒಂದನ್ನು ಆರಿಸುವುದು.’ ಇದು ತಪ್ಪು. ಅದು ನಮ್ಮ ‘ಅತ್ತ ದರಿ, ಇತ್ತ ಪುಲಿ’. ಹಾಬ್ಸನ್ ಕಥೆಯೇ ಬೇರೆ.

ಥಾಮಸ್ ಹಾಬ್ಸನ್ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಕುದುರೆಗಳನ್ನು ಬಾಡಿಗೆಗೆ ಕೊಡುತ್ತಿದ್ದ. ತೀರಿಕೊಂಡಿದ್ದು 1631ರಲ್ಲಿ. ಲಾಯದ ತುಂಬ ಕುದುರೆಗಳಿದ್ದರೂ ಗಿರಾಕಿಗೆ ಸಿಗುತ್ತಿದ್ದುದು ಬಾಗಿಲ ಹತ್ತಿರ ಕಟ್ಟಿದ್ದು ಮಾತ್ರ. ಬೇಕಿದ್ದರೆ ತಗೋ, ಇಲ್ಲದಿದ್ದರೆ ನಡಿ! ಆರಿಸಲು ಬಿಟ್ಟರೆ ಎಲ್ಲರೂ ಚುರುಕಾದ ಕುದುರೆಯನ್ನೇ ಕೇಳುತ್ತಾರೆ. ಅದು ಓಡಿ ಓಡಿ ಸುಸ್ತಾಗುತ್ತದೆ. ಸರದಿ ಇದ್ದರೆ ಎಲ್ಲಕ್ಕೂ ವಿಶ್ರಾಂತಿ ಸಿಗುತ್ತದೆ, ಅಲ್ವಾ? ನನಗಂತೂ ಅದು ನ್ಯಾಯವಾದ ಪದ್ಧತಿ ಅನಿಸುತ್ತದೆ.

ಹಾಗಾಗಿ ಹೆಸರಿಗೆ ಮಾತ್ರ ಆಯ್ಕೆ, ಇರುವುದು ಒಂದೇ ಎಂಬಲ್ಲಿ ಈ ನುಡಿಗಟ್ಟು ಸರಿಹೊಂದುತ್ತದೆ. ರಾತ್ರಿ ಊರಿಗೆ ಇರುವುದು ಒಂದೇ ಬಸ್ಸು, ಅದೂ ತುಂಬಿದೆ. ಹತ್ತಬೇಕು, ಇಲ್ಲವೇ ಉಳಿಯಬೇಕು. ಇದು ಹಾಬ್ಸನ್ಸ್ ಚಾಯ್ಸ್.

ಈಗ ಇಂಗ್ಲಿಷ್‌ನವರೇ ಕೆಲವರು ‘ಎರಡು ಕೆಟ್ಟ ಆಯ್ಕೆ’ ಎನ್ನುವಲ್ಲೂ ಇದನ್ನು ಬಳಸುತ್ತಾರೆ, ನಿಜ. ಆದರೂ ಪರೀಕ್ಷೆಯಲ್ಲಿ ಕೇಳಿದರೆ ದಯವಿಟ್ಟು ಮೂಲ ಅರ್ಥವನ್ನೇ ಬರೆಯಿರಿ.