ಪರದೆ ಮೇಲಿನ ಜಲಪಾತ, ಗೋಡೆಯಾಚೆಯ ಹೊಂಗೆ

ಚರ್ಚಿನಿಂದ ಬಂದವನು ಊಟಕ್ಕೂ ಕೂರದೆ ಇದನ್ನು ಬರೆಯುತ್ತಿದ್ದೇನೆ. ಸಿಟ್ಟು ಬಿಸಿಯಾಗಿರುವಾಗಲೇ ಬರೆಯಬೇಕು. ಇಲ್ಲಾಂದ್ರೆ ಮಧ್ಯಾಹ್ನ ಒಂದು ನಿದ್ದೆ ಮಾಡಿ ಎಲ್ಲರನ್ನೂ ಕ್ಷಮಿಸಿಬಿಡುತ್ತೇನೆ, ನನ್ನ ಬುದ್ಧಿ ನಿಮಗೆ ಗೊತ್ತಲ್ಲ.

ಇವತ್ತು ಆರಾಧನೆಯಲ್ಲಿ ಸೃಷ್ಟಿಯ ಮೇಲೆ ಒಂದು ಹಾಡು. ಹೊಸ ಎಲ್‌ಇಡಿ ಪರದೆ ಮೇಲೆ ಹಾಡಿನ ಸಾಲು, ಸಾಲಿನ ಹಿಂದೆ ಜಲಪಾತ. ಆಮೇಲೆ ಹಿಮದ ಬೆಟ್ಟ. ಆಮೇಲೆ ಯಾವ ದೇಶದ್ದೋ ಜಿಂಕೆ. ನಾವೆಲ್ಲ ಕಣ್ಣರಳಿಸಿ ಹಾಡಿದ್ದೇ ಹಾಡಿದ್ದು. ಅದೇ ಹೊತ್ತಿಗೆ ಕಿಟಕಿಯಾಚೆ ಪಕ್ಕದ ಶಾಲೆಯ ಹೊಂಗೆ ಹೂ ಸುರಿಸುತ್ತಿತ್ತು. ಏಪ್ರಿಲ್ ಅಲ್ವಾ. ಗೋಡೆ ದಾಟಿ ನಮ್ಮ ಕಾಂಪೌಂಡಿಗೂ ಬಿದ್ದಿತ್ತು, ಯಾರೋ ಕಡ್ಲೆಪುರಿ ಮೂಟೆ ಒಡೆದು ಚೆಲ್ಲಿದ ಹಾಗೆ. ಕಮಿಟಿಯವರೊಬ್ಬರು ವಾಚ್‌ಮನ್‌ಗೆ ಹೇಳುತ್ತಿದ್ದರು, "ಜನ ಹೊರಗೆ ಬರೋದ್ರೊಳಗೆ ಈ ಕಸ ಗುಡಿಸಪ್ಪ."

ಕಸವಂತೆ!

ನಮ್ಮ ಕಾಂಪೌಂಡಿನಲ್ಲೂ ಒಂದು ಹೊಂಗೆ ಇತ್ತು. ಹಳೇ ಸ್ನೇಹಿತರಿಗೆ ನೆನಪಿರುತ್ತೆ, ನಮ್ಮ ಸಂಡೇ ಸ್ಕೂಲ್ ನಡೆಯುತ್ತಿದ್ದದ್ದೇ ಅದರ ಕೆಳಗೆ. ಎರಡು ವರ್ಷದ ಹಿಂದೆ ಪಾರ್ಕಿಂಗ್‌ಗೆ ಅಂತ ಕಡಿದು ಸಿಮೆಂಟ್ ಬ್ಲಾಕ್ ಹಾಸಿದರು. ಮರ ಹೋಯಿತು, ಮರದ ವಿಡಿಯೊ ತೋರಿಸೋಕೆ ಪರದೆ ಬಂತು.

ವಾಚ್‌ಮನ್ ಗುಡಿಸುವ ಮೊದಲು ಒಂದು ಹಿಡಿ ಹೂ ಎತ್ತಿಕೊಂಡು ಬಂದೆ. ಈಗ ಕೀಬೋರ್ಡ್ ಪಕ್ಕದಲ್ಲೇ ಇವೆ. ಒಂದನ್ನು ಬಿಡಿಸಿ ನೋಡಿ. ಅವರೆ ಹೂವಿನದೇ ಜಾತಿ. ಹಿಂದೆ ಒಂದು ಅಗಲ ಎಸಳು, ಪಕ್ಕಕ್ಕೆ ಎರಡು ರೆಕ್ಕೆ, ಮಧ್ಯೆ ಪುಟ್ಟ ದೋಣಿ. ದೋಣಿಯೊಳಗೆ ಹತ್ತು ಕೇಸರ. ಬಿಳಿಯೂ ಅಲ್ಲದ, ನೇರಳೆಯೂ ಅಲ್ಲದ ಬಣ್ಣ. ಕಾಲಕೆಳಗೆ ತುಳಿದುಕೊಂಡು ಹೋಗೋ ಹೂವಿಗೆ ಇಷ್ಟೊಂದು ಕೆಲಸ ಯಾಕೆ ಮಾಡಿದೆ ದೇವರೇ, ಅನಿಸುತ್ತೆ. ನನಗೆ ಅದೇ ಪ್ರಾರ್ಥನೆ. ಇವತ್ತು ಪರದೆ ನೋಡಿಕೊಂಡು ಮಾಡಿದ್ದಕ್ಕಿಂತ ನಿಜವಾದದ್ದು.

ಇದನ್ನು ಹೇಳಿದರೆ ಒಬ್ಬರಾದರೂ ಬುದ್ಧಿ ಹೇಳೋಕೆ ಬರುತ್ತಾರೆ. "ಬ್ರದರ್, ಸೃಷ್ಟಿಕರ್ತನನ್ನ ಬಿಟ್ಟು ಸೃಷ್ಟಿಯನ್ನ ಆರಾಧಿಸಬಾರದು, ರೋಮಾಪುರದವರಿಗೆ 1:25." ಸರಿ ಬ್ರದರ್. ಬೈಬಲಿನ ಆ ಪತ್ರದ ಅದೇ ಅಧ್ಯಾಯದಲ್ಲಿ ಐದು ವಚನ ಹಿಂದಕ್ಕೆ ಹೋಗಿ. ಕಣ್ಣಿಗೆ ಕಾಣದ ದೇವರ ಗುಣ ಆತ ಮಾಡಿದ ವಸ್ತುಗಳಲ್ಲೇ ಕಾಣುತ್ತೆ ಅಂತ ಪೌಲ ಬರೆದಿದ್ದಾನೆ. 25 ಬಾಯಿಪಾಠ, 20 ಮಾತ್ರ ಯಾರಿಗೂ ಜ್ಞಾಪಕವಿಲ್ಲ. ಹೊಂಗೆಗೆ ಅಡ್ಡಬೀಳಿ ಅಂತ ನಾನೆಲ್ಲಿ ಹೇಳಿದೆ? ತಲೆ ಎತ್ತಿ ನೋಡಿ ಅಂದೆ, ಅಷ್ಟೆ. ಹೊಲದ ಹೂಗಳನ್ನು ನೋಡಿ ಅಂತ ಯೇಸು ಹೇಳಿದಾಗ ಯಾರೂ ಸ್ಲೈಡ್ ಹಾಕಿರಲಿಲ್ಲ.

ನಿನ್ನೆ ಬೆಳಿಗ್ಗೆ ಲಾಲ್‌ಬಾಗ್ ಬಂಡೆ ಮೇಲೆ ಕೂತಿದ್ದೆ, ಕೆಂಪೇಗೌಡರ ಗೋಪುರದ ಹತ್ತಿರ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಪಕ್ಕದಲ್ಲಿ ಒಬ್ಬರು ಕಡ್ಲೆಕಾಯಿ ಸುಲಿದು ಸಿಪ್ಪೆಯನ್ನ ಅದರ ಮೇಲೇ ಹಾಕುತ್ತಿದ್ದರು. ಬೈಬಲಿನ ಯೋಬನ ಪುಸ್ತಕದ 38ನೇ ಅಧ್ಯಾಯ ನೆನಪಾಯಿತು. ಭೂಮಿಗೆ ಅಸ್ತಿವಾರ ಹಾಕಿದಾಗ ನೀನೆಲ್ಲಿದ್ದೆ ಅಂತ ದೇವರು ಯೋಬನನ್ನು ಕೇಳುತ್ತಾನೆ. ಅಷ್ಟು ನರಳಿದ ಮನುಷ್ಯನಿಗೆ ಸಮಾಧಾನದ ಒಂದು ಮಾತೂ ಇಲ್ಲ. ಬರೀ ಹಿಮ, ಮಳೆ, ಸಿಂಹ, ಕಾಗೆಮರಿ. ಮನುಷ್ಯರೇ ಇಲ್ಲದ ಜಾಗದಲ್ಲಿ ಮಳೆ ಸುರಿಸೋರು ಯಾರು ಅಂತಾನೂ ಕೇಳುತ್ತಾನೆ. ಮೊದಲು ಓದಿದಾಗ ನನಗೆ ಕೋಪ ಬಂದಿತ್ತು. ಅಮ್ಮ ತೀರಿಕೊಂಡ ವರ್ಷ ಮತ್ತೆ ಓದಿದೆ. ಆಗ ನನಗೂ ಉತ್ತರ ಬೇಕಿರಲಿಲ್ಲ. ನನಗಿಂತ ದೊಡ್ಡದೊಂದರ ಪಕ್ಕ ಸುಮ್ನೆ ಕೂತಿರಬೇಕಿತ್ತು. ಇದೇ ಬಂಡೆ ಮೇಲೆ ಎಷ್ಟು ಬೆಳಿಗ್ಗೆ ಕೂತಿದ್ದೇನೋ ಲೆಕ್ಕ ಇಲ್ಲ.

ಫೆಬ್ರವರಿಯಲ್ಲಿ ಗುಲಾಬಿ ಟಬೂಬಿಯಾ ಅರಳಿದಾಗ ಇದೇ ನಮ್ಮ ಸಭೆಯ ವಾಟ್ಸಾಪ್ ಗ್ರೂಪಿನಲ್ಲಿ ಫೋಟೊಗಳ ಸುರಿಮಳೆ. ಅದು ಅಮೆರಿಕ ಖಂಡದಿಂದ ಬಂದ ಮರ. ಬರಲಿ, ಚೆನ್ನಾಗಿದೆ, ನಾನೂ ನಾಲ್ಕು ಫೋಟೊ ಹಾಕಿದ್ದೇನೆ. ಈ ಊರಿನದೇ ಆದ ಹೊಂಗೆಯ ಫೋಟೊ ಒಂದೂ ಬರಲ್ಲ. ಅದಕ್ಕೆ ಪೊರಕೆ.

ಈಗ ಬಾಯಿಬಿಟ್ಟು ಹೇಳಲೇಬೇಕಾದ ಒಂದು ವಿಷಯ. ಆ ಮರ ಕಡಿಯೋದಕ್ಕೆ ಒಪ್ಪಿಗೆ ಇದೆಯಾ ಅಂತ ಮೀಟಿಂಗಿನಲ್ಲಿ ಕೇಳಿದಾಗ ಕೈ ಎತ್ತಿದವರಲ್ಲಿ ನಾನೂ ಒಬ್ಬ. ಆಗಷ್ಟೇ ಹೊಸ ಕಾರು ತಗೊಂಡಿದ್ದೆ. ಪ್ರತಿ ಭಾನುವಾರ ಬಾನೆಟ್ ಮೇಲೆ ಹಕ್ಕಿ ಹಿಕ್ಕೆ. ಹೊಟ್ಟೆ ಉರಿಯುತ್ತಿತ್ತು. ಅದಕ್ಕೇ ಎತ್ತಿದೆ. ಕಮಿಟಿಯವರನ್ನು ಬೈಯುವಾಗ ಈ ಕೈಯನ್ನ ಜೇಬಿನಲ್ಲಿ ಇಟ್ಟುಕೊಂಡಿರುತ್ತೇನೆ.

ಪಾರ್ಕಿಂಗ್ ಕಥೆ ಕೇಳಿ. ಈ ಬಿಸಿಲಿಗೆ ಅಲ್ಲಿ ಯಾರೂ ಗಾಡಿ ನಿಲ್ಲಿಸುತ್ತಿಲ್ಲ. ಆರಾಧನೆ ಮುಗಿಯೋ ಹೊತ್ತಿಗೆ ಸೀಟು ಕಾದ ಹೆಂಚು. ಎಲ್ಲರೂ ಹೊರಗೆ ರಸ್ತೆಯಲ್ಲಿ, ಶಾಲೆಯ ಹೊಂಗೆ ನೆರಳಿಗೆ ನಿಲ್ಲಿಸುತ್ತಾರೆ. ನಮ್ಮ ಪಾದ್ರಿ ಅಯ್ಯನವರ ಗಾಡಿಯೂ ಅಲ್ಲೇ. ನನ್ನದೂ. ಇವತ್ತು ಹೋಗಿ ನೋಡಿದರೆ ಬಾನೆಟ್, ಗಾಜು, ಮೇಲ್ಛಾವಣಿ ಎಲ್ಲ ಹೂ. ನೋಡೋಕೆ ಬೇಕಾದಷ್ಟು ಜಾಗ ಕೈಯಿಂದ ಸರಿಸಿಕೊಂಡು ಹಾಗೇ ಹೊರಟೆ. ಸಿಗ್ನಲ್‌ನಲ್ಲಿ ಪಕ್ಕದ ಆಟೋದವರು ನೋಡಿ ಕೇಳಿದರು, "ಏನ್ ಸಾರ್, ಮದುವೆ ಗಾಡೀನಾ?"